ಬಾಗಿಲಿಗೆ ಒರಗಿಸಿದ ಮೊರ

ಸದಾಶಿವನಗರ, ತುಮಕೂರು
23 ನವೆಂಬರ್ 2025, ಭಾನುವಾರ

ಪ್ರೀತಿಯ ಅತ್ತೆಗೆ,

ಹೇಗಿದ್ದೀರಿ? ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರಾ, ಇಲ್ಲ ನಾನು ನೆನಪಿಸಿದರೆ ಮಾತ್ರ ಹಚ್ಚಿಕೊಳ್ಳುವ ಹಟ ಇನ್ನೂ ಹಾಗೇ ಇದೆಯಾ? ಬಿ.ಪಿ. ಮಾತ್ರೆ ಮುಗಿದಿರಬೇಕು, ಒಂದು ತಿಂಗಳಿಗಾಗುವಷ್ಟು ಈ ಕವರಿನಲ್ಲೇ ಇಟ್ಟಿದ್ದೇನೆ. ಇದನ್ನೆಲ್ಲ ಫೋನಿನಲ್ಲಿ ಕೇಳಬಹುದಿತ್ತು. ಆದರೆ ನಿಮಗೆ ಕಿವಿ ಮಂದ ಅಂತ ಬೆಟ್ಟಸ್ವಾಮಿ ಸ್ಪೀಕರ್ ಹಾಕುತ್ತಾನೆ, ಜಗಲಿಯಲ್ಲಿ ಕೂತವರೆಲ್ಲ ಕೇಳಿಸಿಕೊಳ್ಳುತ್ತಾರೆ, ನೀವು "ಹೂಂ, ಆಯ್ತು ಬುಡವ್ವ" ಅಂದು ಫೋನು ಅವನ ಕೈಗೆ ಕೊಟ್ಟುಬಿಡುತ್ತೀರಿ. ತವರಿನಲ್ಲಿ ನಿಮ್ಮ ತಮ್ಮನ ಮಗ ನಿಮ್ಮನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದಾನೆ, ಅವನ ಮೇಲೆ ನನಗೇನೂ ದೂರಿಲ್ಲ. ಈ ಕಾಗದವನ್ನೂ ಅವನೇ ಓದಿ ಹೇಳಬೇಕು. ನನ್ನ ಕಾಗೆ ಕಾಲು ಗುಬ್ಬಿ ಕಾಲು ಅಕ್ಷರ ಓದುವಷ್ಟು ನಿಮ್ಮ ಕನ್ನಡಕಕ್ಕೆ ಶಕ್ತಿ ಇಲ್ಲ. ಬೆಟ್ಟಸ್ವಾಮಿ, ಸ್ವಲ್ಪ ನಿಧಾನವಾಗಿ ಓದಪ್ಪ.

ಇಲ್ಲಿ ಎಲ್ಲರೂ ಸೌಖ್ಯ. ನಿಮ್ಮ ಮಗ ಎಂದಿನಂತೆ ಬೆಳಗ್ಗೆ ಏಳೂವರೆಗೆ ಕುಣಿಗಲ್ ಬಸ್ಸು ಹಿಡಿದರೆ, ಸ್ಕೂಲು ಮುಗಿಸಿ ಮನೆ ಸೇರುವುದು ಸಂಜೆ ಏಳಕ್ಕೆ. ಮೋನಿಕಾ ನರ್ಸರಿಯಿಂದ ಹನ್ನೆರಡೂವರೆಗೆ ಬರುತ್ತಾಳೆ. ಬಂದವಳೇ ಚಪ್ಪಲಿ ಬಿಡದೆ ನಿಮ್ಮ ಕೋಣೆಗೆ ಹೋಗಿ ಒಂದು ಸಲ ನೋಡಿ ಬರುತ್ತಾಳೆ. ಮೊದಮೊದಲು "ಅಜ್ಜಿ ಎಲ್ಲಿ" ಅನ್ನುತ್ತಿದ್ದಳು, ಈಗ ಕೇಳುವುದನ್ನೂ ಬಿಟ್ಟಿದ್ದಾಳೆ, ಸುಮ್ಮನೆ ನೋಡಿ ಬರುತ್ತಾಳೆ. ಬೆಳ್ಳಾವಿ ಕಡೆಯಿಂದ ಸೊಪ್ಪು ತರುವ ಚಿಕ್ಕಮಾರಮ್ಮ ಗೇಟಿನ ಹತ್ತಿರ ಬುಟ್ಟಿ ಇಳಿಸಿ, "ಅಜ್ಜಿ ಇನ್ನೂ ಬರ್ನಿಲ್ವಾ? ನಿಮ್ ಕೂಡೆ ಯಾಪಾರ ಮಾಡಕ್ಕೆ ಬೇಜಾರು ಕಣಕ್ಕ, ಚೌಕಾಸಿನೇ ಮಾಡಕಿಲ್ಲ" ಅಂದಳು ಮೊನ್ನೆ. ನಾನು ದಿನಕ್ಕೆ ಹನ್ನೊಂದು ಜನರ ಜೊತೆ ಮಾತಾಡುತ್ತೇನೆ ಅತ್ತೆ, ಎಲ್ಲರೂ ಪರದೆಯ ಮೇಲೆ. ಲ್ಯಾಪ್‌ಟಾಪ್ ಮುಚ್ಚಿದರೆ ಒಬ್ಬರೂ ಇಲ್ಲ. ಮಧ್ಯಾಹ್ನ ಮಗು ಉಂಡು ಮಲಗಿದ ಮೇಲೆ ಒಬ್ಬಳೇ ತಟ್ಟೆ ಹಾಕಿಕೊಂಡು ಕೂತಾಗ ಅಳು ಬರುತ್ತದೆ.

ಈ ಕೆಲಸ ಉಳಿದದ್ದೇ ನಿಮ್ಮಿಂದ. ಮೋನಿಕಾ ಐದು ತಿಂಗಳ ಕೂಸಾಗಿದ್ದಾಗ ರಾಜೀನಾಮೆ ಬರೆದು ಇಟ್ಟುಕೊಂಡಿದ್ದೆ. ಕಂಪನಿಯವರು ಮನೆಯಿಂದಲೇ ಮಾಡಿ ಅಂದರು, ಆದರೆ ಕೂಸನ್ನು ತೊಡೆ ಮೇಲೆ ಹಾಕಿಕೊಂಡು ಇನ್ಶೂರೆನ್ಸ್ ಕ್ಲೇಮಿನ ಕಾಗದ ನೋಡುವುದು ಯಾರಿಂದಾಗುತ್ತದೆ? ಆಗ ನೀವು ಹಾಗಲವಾಡಿಯಿಂದ ಎರಡು ಸೀರೆ, ಒಂದು ಮೊರ ಹಿಡಿದುಕೊಂಡು ಬಂದಿರಿ. "ಕೆಲ್ಸ ಬುಡಬ್ಯಾಡ ಕಣವ್ವ. ನಾನು ಬಿಟ್ಟ ಸ್ಕೂಲು ತಿರ್ಗಾ ಸಿಗ್ನಿಲ್ಲ" ಅಂದಿರಿ. ಏಳನೇ ಕ್ಲಾಸಿಗೆ ನಿಂತುಹೋದ ನಿಮ್ಮ ಓದಿನ ಮಾತು ಅವತ್ತು ಬಿಟ್ಟರೆ ಇನ್ಯಾವತ್ತೂ ನೀವು ಆಡಲಿಲ್ಲ.

ಮೊರದ ಉಪಾಯವೂ ನಿಮ್ಮದೇ. ನಾನು ಯಾವಾಗ ಮೀಟಿಂಗಿನಲ್ಲಿದ್ದೇನೆ, ಯಾವಾಗ ಇಲ್ಲ ಅಂತ ನಿಮಗೆ ತಿಳಿಯುತ್ತಿರಲಿಲ್ಲ. ಒಂದು ಸಲ ನೀವು ಒಳಗೆ ಬಂದು "ಹುಳಿಗೆ ಉಪ್ಪು ಹಾಕಿದ್ಯಾ" ಅಂತ ಕೇಳಿದ್ದು ಮುಂಬೈಯವರಿಗೆಲ್ಲ ಕೇಳಿಸಿ, ಅರ್ಥ ಕೇಳಿ ತಿಳಿದುಕೊಂಡು, ಆಮೇಲೆ ವಾರವಿಡೀ ಅವರು ನನ್ನನ್ನು ಉಪ್ಪು ಹಾಕಿದೆಯಾ ಅಂತ ರೇಗಿಸಿದರು. ನಿಮ್ಮ ತವರಲ್ಲಿ ರಾಗಿ ಅಳೆಯುವಾಗ ನಿಮ್ಮವ್ವ ಬಾಗಿಲಿಗೆ ಮೊರ ಒರಗಿಸುತ್ತಿದ್ದರಂತೆ, ಅದು ಅಲ್ಲಿರುವವರೆಗೂ ಎಣಿಕೆ ತಪ್ಪುತ್ತದೆ ಅಂತ ಯಾರೂ ಒಳಗೆ ಕಾಲಿಡುತ್ತಿರಲಿಲ್ಲವಂತೆ. ನಮ್ಮ ಮನೆಯಲ್ಲೂ ಹಾಗೇ ಆಯಿತು. ಮೊರ ಬಾಗಿಲಿಗೆ ಒರಗಿದ್ದರೆ ನನಗೆ ಮೀಟಿಂಗು, ಮೊಳೆಗೆ ನೇತುಹಾಕಿದ್ದರೆ ಯಾರು ಬೇಕಾದರೂ ಬರಬಹುದು. ನಾಲ್ಕು ವರ್ಷದಲ್ಲಿ ನೀವು ಒಂದು ಸಲವೂ ಅದನ್ನು ದಾಟಲಿಲ್ಲ.

ಆ ಶುಕ್ರವಾರವೂ ದಾಟಲಿಲ್ಲ. ಗುಬ್ಬಿ ಆಸ್ಪತ್ರೆಯಿಂದ ಬೆಟ್ಟಸ್ವಾಮಿಯ ಫೋನು ಬಂದಿತ್ತು. ಅವನ ಅಪ್ಪ ದ್ಯಾವಪ್ಪಮಾವನಿಗೆ ಉಸಿರು ಕಟ್ಟುತ್ತಿದೆ, ಅಕ್ಕನನ್ನು ಕರೀರಿ ಅಂತಿದ್ದಾರೆ ಅಂತ. ನೀವು ಹೊತ್ತು ಆಡಿಸಿದ ತಮ್ಮ. ಮಗುವನ್ನು ಯಾರ ಕೈಗೂ ಒಪ್ಪಿಸದೆ ಹೊರಡುವ ಹಾಗಿರಲಿಲ್ಲ, ಅದಕ್ಕೇ ಮೋನಿಕಾಳನ್ನು ತೊಡೆ ಮೇಲೆ ಕೂರಿಸಿಕೊಂಡು ನನ್ನ ಬಾಗಿಲ ಮುಂದೆ ಮುಕ್ಕಾಲು ಗಂಟೆ ಕೂತಿರಿ. ನಾನು ಬಾಗಿಲು ತೆಗೆದಾಗ "ಮಾತು ಮುಗೀತಾ? ನಮ್ ದ್ಯಾವ ಕರೀತವ್ನೆ" ಅಂದಿರಿ. ನಾವು ಗುಬ್ಬಿ ತಲುಪುವ ಇಪ್ಪತ್ತು ನಿಮಿಷ ಮುಂಚೆ ಮಾವ ಹೋಗಿಬಿಟ್ಟಿದ್ದರು. ತಿಥಿಯ ದಿನ ಯಾರೋ ನನ್ನ ಮುಖ ನೋಡಿಕೊಂಡೇ "ಬಾಗ್ಲು ತಟ್ಟಬಾರ್ದಿತ್ತಾ" ಅಂದಾಗ, "ಅವಳ ತಪ್ಪೇನೈತೆ? ಅವಳಿಗೆ ಕೆಲ್ಸ ಇತ್ತು ಕಣ್ರಪ್ಪ" ಅಂತ ಎಲ್ಲರ ಬಾಯಿ ಮುಚ್ಚಿಸಿದಿರಿ. ನಾನು ಎಲೆ ಹಾಕುವ ನೆಪದಲ್ಲಿ ಎದ್ದು ಹೋದೆ.

ತಿಥಿ ಮುಗಿಸಿ ಬರುತ್ತೇನೆ ಅಂದವರು ಇನ್ನೂ ಬಂದಿಲ್ಲ. ನಾನಿದ್ದರೆ ಅವಳ ಕೆಲಸಕ್ಕೆ ಅಡ್ಡಿ ಅಂತ ಮಗನ ಹತ್ತಿರ ಹೇಳಿದಿರಂತೆ. ಅತ್ತೆ, ಕಳೆದ ವಾರ ನನ್ನನ್ನು ಟೀಮ್ ಲೀಡರ್ ಮಾಡಿದರು. ಬೆಂಗಳೂರಿಗೆ ಹೋಗಬೇಕಾಗಿಲ್ಲ, ಇದೇ ಕೋಣೆಯಲ್ಲಿ ಕೂತೇ ಮಾಡಬಹುದು, ಹೊತ್ತನ್ನೂ ನಾನೇ ಆರಿಸಿಕೊಳ್ಳಬಹುದು. ಮಗು ಮನೆಗೆ ಬಂದ ಮೇಲೆ ಎರಡು ಗಂಟೆಯವರೆಗೆ ನನ್ನನ್ನು ಯಾರೂ ಕರೆಯುವಂತಿಲ್ಲ ಅಂತ ಬರೆಸಿಕೊಂಡಿದ್ದೇನೆ. ಇಷ್ಟು ಒಳ್ಳೆಯ ಸುದ್ದಿ ಬಂದಾಗ ಲ್ಯಾಪ್‌ಟಾಪ್ ಮುಚ್ಚಿ ಹೊರಗೆ ಓಡಿ ಬಂದೆ, ಹೇಳಲು ಮನೆಯಲ್ಲಿ ಯಾರೂ ಇರಲಿಲ್ಲ. ನಿಮ್ಮ ಮಂಚದ ಮೇಲೆ ಹೋಗಿ ಕೂತೆ. ನೀವು ಅಡ್ಡಿಯಲ್ಲ. ಯಾವತ್ತೂ ಆಗಿರಲಿಲ್ಲ.

ಅಲ್ಲಿ ಮನೆಯವರೆಲ್ಲರನ್ನೂ ಕೇಳಿದೆನೆಂದು ಹೇಳಿ. ಮೋನಿಕಾ ನಿಮಗೆ ಮುತ್ತು ಕಳಿಸಿದ್ದಾಳೆ. ಚಳಿ ಶುರುವಾಗಿದೆ, ಕಿವಿಗೆ ಬಟ್ಟೆ ಕಟ್ಟಿಕೊಂಡೇ ಹೊರಗೆ ಹೋಗಿ. ನಿಮ್ಮ ಪಾದ ಮುಟ್ಟಿ ನಮಸ್ಕರಿಸುವ,

ನಿಮ್ಮ ಸೊಸೆ
ತ್ರಿವೇಣಿ

ಮರೆತಿದ್ದು: ಬೆಟ್ಟಸ್ವಾಮಿ, ಇಲ್ಲಿಗೆ ನಿಲ್ಲಿಸಿ ಕಾಗದ ಅತ್ತೆಯ ಕೈಗೆ ಕೊಡು. ಹಿಂದಿನ ಮಗ್ಗುಲು ಅವರಿಗೆ ಮಾತ್ರ.

ಅತ್ತೆ, ದೊಡ್ಡಕ್ಷರದಲ್ಲಿ ಬರೆದಿದ್ದೇನೆ, ನೀವೇ ಕೂಡಿಸಿಕೊಂಡು ಓದಿ. ಆ ಶುಕ್ರವಾರ ಮೀಟಿಂಗ್ ಇರಲಿಲ್ಲ. ರದ್ದಾಗಿತ್ತು. ನಾನು ಮೊರ ತೆಗೆಯಲಿಲ್ಲ. ಮರೆತು ಅಲ್ಲ, ಬೇಕಂತಲೇ. ಯಾರೂ ಕರೆಯದ ಒಂದು ಗಂಟೆ ಬೇಕಿತ್ತು, ಸುಮ್ಮನೆ ಮಲಗಿದ್ದೆ. ಬಾಯಿಬಿಟ್ಟು ಕೇಳಿದ್ದರೆ ನೀವೇ ಕೊಡುತ್ತಿದ್ದಿರಿ. ನೀವು ಬಂದು ಕೂತದ್ದು ನನಗೆ ಗೊತ್ತಾಯಿತು. ಮೋನಿಕಾ "ಅಮ್ಮನ್ನ ಕರೀಲಾ" ಅಂದದ್ದು, ನೀವು "ಶ್, ಅಮ್ಮ ಕೆಲ್ಸ ಮಾಡ್ತವ್ಳೆ" ಅಂದದ್ದು ಎರಡೂ ಕೇಳಿಸಿತು. ಏನೋ ಸಣ್ಣ ವಿಷಯ ಇರಬೇಕು ಅಂದುಕೊಂಡು ಮಗ್ಗುಲು ಬದಲಿಸಿದೆ. ನಿಮ್ಮ ಮಗನಿಗೂ ಇದು ಗೊತ್ತಿಲ್ಲ. ಬಂದು ಬೈಯಿರಿ, ಬರಲು ಮನಸ್ಸಿಲ್ಲದಿದ್ದರೆ ಈ ಹಾಳೆಯನ್ನು ಒಲೆಗೆ ಹಾಕಿ. ಆದರೆ ಇನ್ನು ಮೇಲೆ ಯಾರ ಮುಂದೆಯೂ ಅವಳ ತಪ್ಪೇನೈತೆ ಅನ್ನಬೇಡಿ.