ಹನ್ನೆರಡು ಒಲೆಗಳ ವರದಿ

ಮುಟ್ಟಳ್ಳಿ, ಭಟ್ಕಳ ತಾಲೂಕು
9-8-2001

ಪ್ರೀತಿಯ ಮಾದೇವಿಗೆ, ನಿನ್ನ ಪರಮೇಶ್ವರಿಯ ನೆನಪುಗಳು.

ನಿನ್ನ ಎರಡು ಕಾಗದಗಳೂ ಬಂದವು. ಉತ್ತರ ಬರೆಯದೆ ಎರಡು ತಿಂಗಳು ಸುಮ್ಮನಿದ್ದೆನೆಂದು ಬೈಯಬೇಡ. ಬೈದರೂ ಸರಿಯೇ, ಕುಮಟೆಯಲ್ಲಿ ಒಲೆ ಕಟ್ಟುವ ತರಬೇತಿಗೆ ಬಂದಾಗಲೇ ನಿನ್ನ ಬೈಗುಳ ಸಾಕಷ್ಟು ತಿಂದಿದ್ದೇನೆ. ಮಂಡಿನೋವು ಹೇಗಿದೆ? ಎಣ್ಣೆ ಹಚ್ಚುತ್ತೀಯೋ, ಹಚ್ಚಿದೆ ಎಂದು ಸುಳ್ಳು ಹೇಳುತ್ತೀಯೋ?

ನಾನು ಈ ಊರಲ್ಲಿ ಕಟ್ಟಿದ ಹನ್ನೆರಡು ಹೊಗೆರಹಿತ ಒಲೆಗಳಲ್ಲಿ ಎಷ್ಟು ಸರಿಯಾಗಿವೆ ಎಂದು ಕೇಳಿದ್ದೀ. ತರಬೇತಿ ಕೊಟ್ಟ ಕಚೇರಿಗೆ ನೀನು ಬರೆದುಕೊಡಬೇಕಂತೆ. ಹನ್ನೆರಡೂ ಉರಿಯುತ್ತವೆ. ಆದರೆ ಒಂದರ ಕೊಳವೆಯಿಂದಲೂ ಹೊಗೆ ಹೊರಗೆ ಹೋಗುವುದಿಲ್ಲ. ಎಲ್ಲ ಮನೆಯಲ್ಲೂ ಗೋಣಿಚೂರು ತುರುಕಿ ಬಾಯಿ ಮುಚ್ಚಿದ್ದಾರೆ. ಸಿಟ್ಟಾಗುವ ಮೊದಲು ಕಾರಣ ಕೇಳು. ಹೊಗೆ ತಾಗದಿದ್ದರೆ ಮಾಡಿನ ಬಿದಿರಿಗೆ ಹುಳ ಬೀಳುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ವರ್ಷದ ಸಾರಿನ ಹುಳಿಗೆಂದು ಹರವಿದ ಮುರುಗಲ ಹಣ್ಣಿನ ಸಿಪ್ಪೆ ಈ ಮಳೆಯಲ್ಲಿ ಒಣಗದೆ ಬೂಸ್ಟು ಹಿಡಿಯುತ್ತದೆ. ಒಣಮೀನಿನ ಪಾಡೂ ಅಷ್ಟೆ. ತರಬೇತಿಯಲ್ಲಿ ಕಣ್ಣು, ಶ್ವಾಸಕೋಶ ಎಂದೆಲ್ಲ ಚಿತ್ರ ಬರೆದು ತೋರಿಸಿದರು, ಅಟ್ಟದ ಸುದ್ದಿ ಮಾತ್ರ ಯಾರೂ ಎತ್ತಲಿಲ್ಲ. ಅಟ್ಟದ ಕೆಳಗೇ ಹುಟ್ಟಿ ಬೆಳೆದ ನಾವೂ ಎತ್ತಲಿಲ್ಲ.

ಮೇ ತಿಂಗಳಲ್ಲಿ ಬೆಂಗಳೂರಿನಿಂದ ಒಬ್ಬ ಸಾಹೇಬರು ಬಂದಿದ್ದರು. ನಮ್ಮ ಕಟ್ಟಿಗೆ, ತೆಂಗಿನ ಮಡಲಿನ ಹೊಗೆ ಮೇಲೇರಿ ಇಡೀ ಭೂಮಿಯನ್ನೇ ಬಿಸಿ ಮಾಡುತ್ತದೆ ಎಂದು ಶಾಲೆಯ ಜಗಲಿಯಲ್ಲಿ ವಿವರಿಸಿದರು. ಪಕ್ಕದ ಮನೆಯ ಕುಪ್ಪ, "ನಮ್ ಹೊಗೆ ಮಾಡು ದಾಟೂದೇ ಕಷ್ಟ, ಆಕಾಶಕ್ಕೆ ಎಲ್ಲಿ ಹೋತದೆ?" ಎಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ.

ಇನ್ನು ಮನೆಯ ಸುದ್ದಿ. ಮಗ ವಿನೋದನಿಗೆ ಗಂಡುಮಗು ಹುಟ್ಟಿದ್ದನ್ನು ಬರೆದಿದ್ದೆನಲ್ಲ, ಆ ಮಗು ಈಗ ಇಲ್ಲ ಮಾದೇವಿ. ಜೂನಿನಲ್ಲಿ ಮಳೆ ಬಿಡದೆ ಹೊಡೆಯುವಾಗ, ಬೆಚ್ಚಗಿರಲಿ ಎಂದು ಸೊಸೆ ಸುಪ್ರಿಯಾ ತೊಟ್ಟಿಲನ್ನು ಅಡುಗೆಮನೆಗೆ ತಂದು ಕಟ್ಟಿದ್ದಳು. ಮೊದಲು ಕೆಮ್ಮು ಬಂತು. ಆಮೇಲೆ ಉಸಿರೆಳೆದಾಗಲೆಲ್ಲ ಪಕ್ಕೆ ಒಳಗೆ ಹೋಗತೊಡಗಿತು. ಹೊನ್ನಾವರದ ದವಾಖಾನೆಗೆ ಒಯ್ದೆವು. ಡಾಕ್ಟರು ಮೊದಲು ಕೇಳಿದ್ದೇ ಅಡುಗೆಗೆ ಏನು ಉರಿಸುತ್ತೀರಿ ಎಂದು. ಮೂರನೆಯ ದಿನ ಎಲ್ಲ ಮುಗಿಯಿತು. ನಾಲ್ಕು ತಿಂಗಳು ತುಂಬಿತ್ತು, ನನ್ನ ದನಿ ಕೇಳಿದರೆ ಕಾಲು ಬಡಿಯುತ್ತಿತ್ತು.

ಮಗುವನ್ನು ಹೊನ್ನಾವರದ ಹತ್ತಿರ ಕಾಸರಕೋಡಿನ ತವರಿಗೆ ಎತ್ತಿಕೊಂಡು ಹೋಗಿದ್ದಳು, ದಾರಿಯಲ್ಲಿ ಥಂಡಿಗಾಳಿ ತಾಗಿತು ಎಂದು ಊರೆಲ್ಲ ಸುಪ್ರಿಯಾಳನ್ನೇ ದೂರುತ್ತದೆ. ವಿನೋದನೂ ಹಾಗೆಯೇ ಅಂದ. ಅವಳು ಅದೇ ಒಲೆಯ ಮುಂದೆ ಕೂತು ಅನ್ನ ಬೇಯಿಸುತ್ತಾಳೆ. ಬಡಿಸುವಾಗ ನನಗೇ ಮೊದಲು ಬಡಿಸುತ್ತಾಳೆ.

ನಿನ್ನ ಮಕ್ಕಳಿಗೂ ಮೊಮ್ಮಗಳಿಗೂ ನನ್ನ ಆಶೀರ್ವಾದ. ಕೂಸನ್ನು ಒಲೆಯಿಂದ ದೂರ ಮಲಗಿಸು. ದೇವರು ನಿನ್ನ ಮನೆಯನ್ನು ತಂಪಾಗಿಟ್ಟಿರಲಿ.

ಇಂತಿ ನಿನ್ನ ಗೆಳತಿ,
ಪರಮೇಶ್ವರಿ

ತಾ.ಕ.: ಹನ್ನೆರಡು ಎಂದು ಬರೆದೆನಲ್ಲ, ಅದರಲ್ಲಿ ನಮ್ಮ ಮನೆಯದ್ದೂ ಒಂದು. ಕೊಳವೆಗೆ ಗೋಣಿ ತುರುಕಿದವಳು ನಾನೇ. ಮಗು ಕೆಮ್ಮಲು ಶುರುಮಾಡಿದ ದಿನ ಸುಪ್ರಿಯಾ ಅದನ್ನು ಕಿತ್ತು ತೆಗೆದಳು. ಅಟ್ಟದ ತುಂಬ ಸಿಪ್ಪೆ ಇತ್ತು. "ಹೊಗೆಗೆ ಎಂತ ಆತದೆ? ನಾವೆಲ್ಲ ದೊಡ್ಡ ಆಗ್ಲಿಲ್ವಾ?" ಎಂದು ನಾನು ಮತ್ತೆ ತುರುಕಿದೆ. ಡಾಕ್ಟರು ಕೇಳಿದಾಗ, ನಮ್ಮ ಮನೆಯಲ್ಲಿ ಹೊಗೆಯೇ ಇಲ್ಲ, ಒಲೆ ಕಟ್ಟಿದವಳು ನಾನೇ ಎಂದು ಹೆಮ್ಮೆಯಿಂದ ಹೇಳಿದೆ. ಸುಪ್ರಿಯಾ ಮಗುವನ್ನು ಎತ್ತಿಕೊಂಡು ಪಕ್ಕದಲ್ಲೇ ನಿಂತಿದ್ದಳು. ನನ್ನ ಮುಖ ನೋಡಿದಳು. ಇವತ್ತಿನವರೆಗೆ ಅವಳು ಯಾರಿಗೂ ಹೇಳಿಲ್ಲ. ನಾನೂ ಹೇಳಿಲ್ಲ.