ಬೆಲ್ಟ್ ಕೊಚ್ಚಿದ್ದು ನಾನೇ

ಏ ಸೊಸೇ,

ಎದ್ದ ತಕ್ಷಣ ಹೊಲಿಗೆ ಮಿಷನ್ನಿನ ಬೆಲ್ಟ್ ಹುಡುಕಬೇಡ. ಮಚ್ಚಲ್ಲಿ ಹಾವು ಕೊಚ್ಚಿದ ಹಾಗೆ ಕೊಚ್ಚಿ ನೂರು ತುಂಡು ಮಾಡಿದೀನಿ.

ನಿನ್ನೆ ನೀನು ತೂಕಡಿಸ್ತಾ ಮೇಷ್ಟ್ರ ಪ್ಯಾಂಟಿನ ಎರಡು ಕಾಲೂ ಸೇರಿಸಿ ಹೊಲಿದೆ. ಜೊತೆಗೆ ನಿನ್ನ ಬೆರಳನ್ನೂ ಹೊಲಿದೆ! ಒಂದು ಕೊಡ ರಕ್ತ ಹೋಯ್ತು, ಬಟ್ಟೆ ಸುತ್ಕೊಂಡು “ಇನ್ನೊಂದೇ ಅತ್ತೆ” ಅಂದೆ. ನಿನ್ನ ಮಾವನೂ ಇನ್ನೊಂದೇ ಇನ್ನೊಂದೇ ಅಂತ ದುಡೀತಾನೇ ಪ್ರಾಣ ಬಿಟ್ರು. ಹರಿದ ಬಟ್ಟೆ ಬಿಸಾಕಬಾರದು ಅಂತ ಬೀದಿಗೆಲ್ಲಾ ಪಾಠ ಹೇಳ್ತೀಯ, ನಿನ್ನ ಮೈ ಮಾತ್ರ ಬಿಸಾಕೋ ಚಿಂದಿನಾ?

ರಿಪೇರಿಗೆ ಬಂದಿದ್ದ ಬಟ್ಟೆ ಗಂಟು ನಾನು ಎತ್ಕೊಂಡು ಹೋಗಿದೀನಿ. ಎದುರುಮನೆಯವಳು, ಹಾಲಿನವಳು, ಆ ಬಾಯಿಬಡುಕಿ ನರ್ಸು, ಎಲ್ಲಾ ಕೂತು ಕೈಯಲ್ಲೇ ಹೊಲೀತೀವಿ. ಬರಲ್ಲ ಅಂದೋರ ತಲೆಗೂದಲು ಕಿತ್ತು ದಾರ ಮಾಡ್ತೀನಿ ಅಂದಿದ್ದೆ. ನಿಜ ಹೇಳ್ಬೇಕಂದ್ರೆ, ನಾವು ಹೊಲೀತೀವಿ ಕೊಡಿ ಅಂತ ಅವರೇ ಮೊದಲು ಕೇಳಿದ್ದು.

ಒಲೆ ಮೇಲೆ ಹಾಲಿದೆ, ಕುಡಿ. ಮಧ್ಯಾಹ್ನ ಬೆರಳು ನೋಡೋಕೆ ನರ್ಸು ಬರ್ತಾಳೆ, ಬಾಗಿಲು ತೆಗಿ. ಅಲ್ಲೀವರೆಗೂ ಮಲಗು. ಎದ್ದು ಓಡಾಡಿದ್ದು ಕಂಡ್ರೆ ಕಾಲು ಮುರೀತೀನಿ. ಆಮೇಲೆ ಆ ಕಾಲಿಗೆ ಎಣ್ಣೆ ಹಚ್ಚಿ ನೀವೋಳೂ ನಾನೇ. ಮುದುಕಿಗೆ ಅಷ್ಟು ಕೆಲಸ ಕೊಡಬೇಡ ಕಣೇ.