ಮಗ್ಗಕ್ಕೆ ಒರಗಿಸಿದ ಫೋನು

ನವಲಗುಂದ, 18 ನವೆಂಬರ್ 2025, ಮಂಗಳವಾರ

ಇವತ್ತೂ ನಮ್ಮಲ್ಲಿ ನೇಯಲು ಬರುವ ನಂದಾಳ ಫೋನಿನದೇ ಚಿಂತೆ. ಕೆಲಸದ ಹೊತ್ತಿನಲ್ಲಿ ಫೋನು ಬೇಡವೆಂದು ಹೇಳಿ ತಿಂಗಳಾಯಿತು. ನಾನು ನಮಾಜಿಗೆ ಒಳಗೆ ಹೋದರೆ ಸಾಕು, ಅದನ್ನು ಮಗ್ಗಕ್ಕೆ ಒರಗಿಸಿಕೊಂಡು ಕೂರುತ್ತಾಳೆ. ನನ್ನ ಹೆಜ್ಜೆ ಸಪ್ಪಳ ಕೇಳಿದರೆ ಸೆರಗಿನೊಳಗೆ ಮುಚ್ಚಿಡುತ್ತಾಳೆ. ನಮ್ಮ ಜಮಖಾನದ ನವಿಲಿನ ನೇಯ್ಗೆಯನ್ನು ಬಾಜು ಓಣಿಯ ನೇಕಾರರಿಗೆ ತೋರಿಸುತ್ತಿದ್ದಾಳೆ ಎಂದೇ ಅಂದುಕೊಂಡಿದ್ದೆ. ಅವರೇ ಅವಳನ್ನು ನನ್ನಲ್ಲಿಗೆ ಕಳಿಸಿರಬೇಕು ಎಂದೂ ಅನ್ನಿಸಿತ್ತು.

ಇವತ್ತು ನಮಾಜು ಮುಗಿಸಿ ಸಪ್ಪಳವಿಲ್ಲದೆ ಬಂದು ಬಾಗಿಲ ಮರೆಯಲ್ಲಿ ನಿಂತೆ.

"ನವಿಲಿನ ಕುತ್ತಿಗಿಗೆ ಏಳು ಎಳಿ ಹಿಡೀರಿ ಅಕ್ಕಾ," ಎನ್ನುತ್ತಿದ್ದಳು ನಂದಾ.

"ಆತು. ನಮ್ಮ ಅಮ್ಮಗ ಗೊತ್ತಾಗಬಾರದು ನೋಡವ್ವಾ," ಎಂದಿತು ಫೋನು. ಮೊರಬಕ್ಕೆ ಕೊಟ್ಟ ನನ್ನ ಮಗಳು ರುಬಿಯಾಳ ದನಿ.

ಮಗಳಿಗೆ ಕಲಿಸಿದರೆ ಕಸುಬು ಗಂಡನ ಮನೆಗೆ ಹೋಗುತ್ತದೆಂದು ನಮ್ಮಲ್ಲಿ ಸೊಸೆಗೆ ಮಾತ್ರ ಕಲಿಸುವುದು. ರುಬಿಯಾ ಎಷ್ಟು ಅತ್ತರೂ ಮಗ್ಗ ಮುಟ್ಟಗೊಡಲಿಲ್ಲ. ನನಗೆ ಸೊಸೆ ಇಲ್ಲ, ಸಂಬಳಕ್ಕೆ ಬಂದ ನಂದಾಳಿಗೆ ಕೈ ಹಿಡಿದು ಕಲಿಸಿದೆ.

ಬಾಗಿಲಿಂದ ಹಿಂದೆ ಸರಿದೆ. ಎಂದಿನಿಂದ ನಡೆದಿದೆಯೋ, ನನ್ನ ಬಗ್ಗೆ ಇನ್ನೇನೇನು ಮಾತಾಡಿಕೊಂಡಿದ್ದಾರೋ. ನಾಳೆ ಆ ಫೋನು ಕಸಿದುಕೊಳ್ಳಬೇಕು. ಆದರೆ ಕುತ್ತಿಗೆಗೆ ಎಳೆ ಒಂಬತ್ತು, ಏಳಲ್ಲ. ಅಲ್ಲಿ ರುಬಿಯಾ ತಪ್ಪಾಗಿಯೇ ನೇಯುತ್ತಿರಬಹುದು.